ಬಾವಿಯೊಳಗಿನ ಡಿಲನ್ ದನಿ: ಒಂದು ಸ್ಪಷ್ಟನೆ

ಮಡಿಕೇರಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಬಗ್ಗೆ ಒಂದು ಮಾತು ಸುತ್ತುತ್ತಿದೆ: ‘ಬಾಬ್ ಡಿಲನ್ ವಯಸ್ಸಾದ ಮೇಲೆ ಮಾಡಿದ ಆಲ್ಬಮ್‌ಗಳನ್ನೆಲ್ಲ ಪ್ರೊಡ್ಯೂಸರ್ ಡೇನಿಯಲ್ ಲ್ಯಾನ್ವಾ ಕೆಡಿಸಿದರು. ದನಿ ಬಾವಿಯೊಳಗಿಂದ ಬಂದ ಹಾಗಿದೆ.’

ಎಲ್ಲ ಅಲ್ಲ. ಪ್ರೊಡ್ಯೂಸರ್ ಅಂದ್ರೆ ಇಲ್ಲಿ ದುಡ್ಡು ಹಾಕುವವರಲ್ಲ, ರೆಕಾರ್ಡಿಂಗ್ ಹೇಗೆ ಕೇಳಬೇಕು ಅಂತ ನೋಡಿಕೊಳ್ಳುವವರು. ಲ್ಯಾನ್ವಾ ಮಾಡಿದ್ದು ಎರಡೇ ಎರಡು: 1989ರ ‘ಓ ಮರ್ಸಿ’, 1997ರ ‘ಟೈಮ್ ಔಟ್ ಆಫ್ ಮೈಂಡ್’. 2001ರಿಂದ 2012ರ ‘ಟೆಂಪೆಸ್ಟ್’ವರೆಗೆ ಪ್ರೊಡ್ಯೂಸರ್ ಜಾಗದಲ್ಲಿ ಜ್ಯಾಕ್ ಫ್ರಾಸ್ಟ್ ಅಂತಿದೆ. ಯಾರಪ್ಪ ಇವರು ಅಂದ್ರೆ, ಡಿಲನ್ನರೇ! ಅದು ಅವರೇ ಇಟ್ಟುಕೊಂಡ ಹೆಸರು.

ಬಾವಿಯ ಮಾತು 1997ರ ಆಲ್ಬಮ್‌ಗೆ ಒಪ್ಪುತ್ತದೆ. ದನಿಗೆ ಬೇಕಂತಲೇ ಎಫೆಕ್ಟ್ ಹಾಕಿದ್ದರು. 2023ರಲ್ಲಿ ಅದೇ ರೆಕಾರ್ಡಿಂಗ್ ಹೊಸ ಮಿಕ್ಸ್ ಆಗಿ, ಅಂದ್ರೆ ದನಿ-ವಾದ್ಯಗಳ ಸದ್ದನ್ನು ಮತ್ತೆ ಹೊಂದಿಸಿಕೊಂಡು, ಬಂತು. ಅದರಲ್ಲಿ ದನಿ ಎದುರಿಗೇ ಬಂದು ಕೂರುತ್ತದೆ, ಗಂಟಲಿನ ಗರಗರವೂ ಬಿಡಿಯಾಗಿ ಕೇಳುತ್ತದೆ. ಅಂದರೆ ದನಿ ಹೋಗಿರಲಿಲ್ಲ, ಹಿಂದೆ ಸರಿಸಿದ್ದರು. ನನಗೆ ಹಳೇ ಮಿಕ್ಸೇ ಜಾಸ್ತಿ ಇಷ್ಟ, ಅದು ಬೇರೆ ಮಾತು.

ಅಂದಹಾಗೆ, ಈ ತೀರ್ಪು ಕೊಟ್ಟವರು ಹಾಡು ಕೇಳಿದ್ದು ಜುಲೈ ಮಳೆಯಲ್ಲಿ, ಶೀಟ್ ಮನೆಯಲ್ಲಿ, ಫೋನ್ ಸ್ಪೀಕರ್‌ನಲ್ಲಂತೆ! ಶೀಟಿನ ಮೇಲೆ ಮಳೆ ಸುರಿಯುವಾಗ ಪಕ್ಕದವರ ಮಾತೇ ಕೇಳಲ್ಲ, ಇನ್ನು ಹಾಡಿನ ಬಾಸ್, ಅಂದ್ರೆ ತಗ್ಗಿನ ಸ್ವರ, ಕೇಳುತ್ತಾ? ಮಳೆ ಬಿಟ್ಟಾಗ ಹೆಡ್‌ಫೋನ್ ಹಾಕಿ, ಎರಡೂ ಮಿಕ್ಸ್ ಒಂದರ ಹಿಂದೊಂದು ಕೇಳಿ.