ಆಯಿಲ್ ಕುಡಿಯದ ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಬಲೆ ಹೊಲಿಯುವವರು, ಪೈಂಟ್ ಬಳಿಯುವವರು ತಮ್ಮ ಪಾಡಿಗೆ ತಾವಿರುತ್ತಾರೆ. ಎಂಜಿನ್ ಬಿಚ್ಚಿದವನಿಗೆ ಮಾತ್ರ ಆ ಭಾಗ್ಯ ಇಲ್ಲ. ಬಗ್ಗಿ ನೋಡಿದವರೆಲ್ಲ ಒಂದೊಂದು ಸಲಹೆ ಉದುರಿಸಿಯೇ ಹೋಗುತ್ತಾರೆ.

ಭಾವನ ಟ್ರಾಲ್ ಬೋಟಿನ ಫ್ಯುಯೆಲ್ ಪಂಪು ಸೋರಿದ್ದು ಇಂಥ ಹೊತ್ತಿನಲ್ಲೇ. ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆ ಹೋಗುವ ಪೈಪುಗಳು ಕೂರುತ್ತವಲ್ಲ, ಅದರ ಬುಡದಲ್ಲಿ ಡೀಸೆಲ್ ಜಿನುಗುತ್ತಿತ್ತು. "ಸಾಬೂನು ಮೆತ್ತಿ" ಎಂದರು ಪಕ್ಕದ ಬೋಟಿನವರು. ಟ್ಯಾಂಕಿನ ಸಣ್ಣ ತೂತಾದರೆ ಸರಿ. ಈ ಪಂಪು ಡೀಸೆಲನ್ನು ನೂರಾರು ಬಾರ್ ಒತ್ತಡದಲ್ಲಿ ನೂಕುತ್ತದೆ. ಚಿಮ್ಮುವ ಎಳೆಗೆ ಬೆರಳು ಅಡ್ಡ ಇಟ್ಟರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕೆ ಸಾಬೂನಾ?

"ಇನ್ನೂ ಸ್ವಲ್ಪ ಟೈಟ್ ಮಾಡು ಮಾರಾಯಾ" ಎಂದರು ಮತ್ತೊಬ್ಬರು. ಬೋಟು ನಡೆಸುವ ತಂಡೇಲ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗಿದ. ಕೈಪಂಪು ಒತ್ತಿ ನೋಡಿದರೆ ಸೋರುವುದು ನಿಂತಿತ್ತು. ಜೊತೆಗೆ ರ‍್ಯಾಕೂ ನಿಂತಿತ್ತು. ಯಾವ ಹೊತ್ತಿಗೆ ಎಷ್ಟು ಡೀಸೆಲ್ ಎಂದು ಲೆಕ್ಕ ಇಡುವ ಸರಳು ಅದು. ಅದು ಹಿಡಿದುಕೊಂಡರೆ ಎಂಜಿನ್ ಆಫ್ ಮಾಡಲಿಕ್ಕೂ ಆಗುವುದಿಲ್ಲ. ಪುಣ್ಯಕ್ಕೆ ಸ್ಟಾರ್ಟ್ ಮಾಡುವ ಮೊದಲೇ ಗೊತ್ತಾಯಿತು.

ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಡಗಿನವರು ಸಲಹೆ ಕೊಡಲು ಶುರು ಮಾಡಿರಬೇಕು ಅಂತ ನನ್ನ ಊಹೆ.

ಪಂಪು ಬಿಚ್ಚುವ ಮೊದಲು ಟೈಮಿಂಗಿನ ಗುರುತು ಹಾಕಬೇಕು, ತಿರುಗಿ ಅದೇ ಲೆಕ್ಕಕ್ಕೆ ಕೂರಿಸಲಿಕ್ಕೆ. ಭಾವ ಚಾಕ್‌ಪೀಸಿನಲ್ಲಿ ಹಾಕಿದರು. ಡೀಸೆಲ್ ಅದನ್ನು ಅಲ್ಲೇ ತೊಳೆದುಬಿಟ್ಟಿತು. ಆಮೇಲೆ ಉಳಿ ಹುಡುಕಿ ತಂದದ್ದು.

ಮಂಗಳೂರಿಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ರಿಟೈರಾದ ಮೇಷ್ಟ್ರು. ಬೋಟಿಗೂ ನನಗೂ ಇರುವ ಸಂಬಂಧ ಹೆಂಡತಿಯ ಕಡೆಯಿಂದ ಮಾತ್ರ. ಆದರೆ ರಿಟೈರಾದವನಿಗೆ ಕೆಲಸ ಇರುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಗೋಣಿಯಲ್ಲಿ ಸುತ್ತಿದ ಪಂಪನ್ನು ಕಾಲಡಿ ಇಟ್ಟುಕೊಂಡು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಮೂಗು ಅರಳಿಸಿದ.

"ಎಂತ ಅದು? ಮೀನಾ?"

"ಅಲ್ಲ ಮಾರಾಯ್ರೆ, ಡೀಸೆಲ್ ಪಂಪು."

"ಮೀನಾದ್ರೆ ತೊಂದ್ರೆ ಇರ್ಲಿಲ್ಲ."

ಒಣಮೀನಿನ ಬುಟ್ಟಿಯ ಪಕ್ಕ ಆರಾಮಾಗಿ ನಿದ್ದೆ ಹೊಡೆಯುವ ಜನ, ನನ್ನ ಗೋಣಿ ನೋಡಿ ಕರವಸ್ತ್ರ ತೆಗೆದರು. ಪಡುಬಿದ್ರಿ ದಾಟುವಷ್ಟರಲ್ಲಿ ನನ್ನ ಪಕ್ಕದ ಸೀಟು ಖಾಲಿ. ಲಗೇಜಿನ ಟಿಕೆಟ್ ಮಾತ್ರ ತಪ್ಪಲಿಲ್ಲ.

ಪಂಪ್ ರಿಪೇರಿಯವರು ಎಲ್ಲ ಬಿಚ್ಚಿ, ಡೀಸೆಲನ್ನು ಒತ್ತಿ ನೂಕುವ ಪ್ಲಂಜರ್ ಎಂಬ ಕಡ್ಡಿಯೊಂದನ್ನು ಬೆಳಕಿಗೆ ಹಿಡಿದರು. ಪ್ಲಂಜರಿಗೂ ಅದು ಓಡಾಡುವ ಕೊಳವೆಯಾದ ಬ್ಯಾರೆಲ್ಲಿಗೂ ನಡುವೆ ಇರಬೇಕಾದ ಸಂದು 2-3 ಮೈಕ್ರಾನ್ ಅಷ್ಟೆ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಇಲ್ಲಿ ಗೀರು ಬಿದ್ದು ಸವೆದಿತ್ತು.

"ಹೊರಗೆ ಸೋರಿದ್ದು ಬಿಡಿ, ಅದು ವಾಷರಿನ ಕಥೆ. ಎಂಜಿನ್ ಆಯಿಲ್ ಜಾಸ್ತಿ ಆಗ್ತಿತ್ತಾ ಕೇಳಿ."

ಫೋನು ಮಾಡಿದೆ. ಭಾವನ ದನಿಯಲ್ಲಿ ಹೆಮ್ಮೆ ತುಳುಕಿತು. "ನಮ್ಮ ಎಂಜಿನ್ ಒಂದು ತೊಟ್ಟು ಆಯಿಲ್ ಕುಡಿಯುದಿಲ್ಲ. ಕಳೆದ ಸಲ ಗೇಜಿನಲ್ಲಿ ಇನ್ನೂ ಮೇಲೆ ಬಂದಿತ್ತು!"

ಬಂದರಿಡೀ ಇದನ್ನೇ ಹೇಳಿಕೊಂಡು ತಿರುಗಿದ್ದರು, ಪಾಪ. ಈ ಪಂಪಿಗೆ ಎಂಜಿನ್ನಿನ ಆಯಿಲೇ ಬರುತ್ತದೆ. ಸವೆದ ಪ್ಲಂಜರಿನ ಬದಿಯಿಂದ ಇಳಿದ ಡೀಸೆಲ್ ಸೀದಾ ಎಂಜಿನ್ನಿನ ತಳದ ಆಯಿಲ್ ಸಂಪಿಗೆ ಹೋಗಿ ಸೇರುತ್ತಿತ್ತು. ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ; ಇಲ್ಲಿ ಕುಡಿದದ್ದನ್ನು ಡೀಸೆಲ್ ತುಂಬಿಸುತ್ತಿತ್ತು. ಕುಡಿಯದ ಎಂಜಿನ್ನಿನ ಗುಟ್ಟು ಅದು. ಹಾಗೆ ತೆಳ್ಳಗಾದ ಆಯಿಲಿನಲ್ಲಿ ಬೇರಿಂಗ್ ಉಳಿದದ್ದೇ ದೊಡ್ಡದು.

ಹೊಸ ಎಲಿಮೆಂಟ್ (ಪ್ಲಂಜರ್-ಬ್ಯಾರೆಲ್ ಜೋಡಿ), ಹೊಸ ತಾಮ್ರದ ವಾಷರ್, ಟಾರ್ಕ್ ರೆಂಚಿನಲ್ಲಿ ಅಳೆದು ಟೈಟು, ಬೆಂಚಿನ ಮೇಲೆ ಕ್ಯಾಲಿಬ್ರೇಷನ್. ಬಿಲ್ಲನ್ನು ಭಾವನಿಗೆ ಕುರ್ಚಿ ಕೊಟ್ಟ ಮೇಲೆಯೇ ತೋರಿಸಿದೆ. ಪಂಪು ಕೂರಿಸಿ, ಏರ್ ತೆಗೆದು, ಆಯಿಲ್ ಪೂರಾ ಬದಲಿಸಿದರು. ಎಂಜಿನ್ ಗುಡುಗಿತು.

ಆಗಸ್ಟಿನಲ್ಲಿ ಬೋಟು ಧಕ್ಕೆಗೆ ಬಂದ ಕೂಡಲೇ ಭಾವನ ಫೋನು.

"ಭಾವಾ, ಗೇಜಿನಲ್ಲಿ ಆಯಿಲ್ ಸ್ವಲ್ಪ ಕಮ್ಮಿ ಆಗಿದೆ. ಆ ಮಂಗಳೂರಿನವ ಎಂತದೋ ಹಾಳು ಮಾಡಿ ಇಟ್ಟಿದ್ದಾನೆ. ಪಂಪು ಬಿಚ್ಚಿಸುದಾ?"