ಫೈಲ್ ದಪ್ಪ ಇದೆ, ಬಾಯಿ ಮಾತ್ರ ಯಾರೂ ನೋಡಿಲ್ಲ

ಚಿಕ್ಕಪ್ಪ ಡಿಸ್ಚಾರ್ಜ್ ಆಗಿ ಮನೆ ಸೇರಿದರು. ಇನ್ನು ನಾನು ಬೈಯಬಹುದು.

ಕಳೆದ ವಾರ ಅವರ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಅಂತ ಅಡ್ಮಿಟ್ ಮಾಡಿದ್ದರು. ನಾನು ಅಲ್ಲಿಗೆ ಅನಸ್ತೇಷಿಯಾ ಡಾಕ್ಟರಾಗಿ ಹೋಗಿದ್ದಲ್ಲ, ಅಣ್ಣನ ಮಗಳಾಗಿ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಹೋಗಿದ್ದು. ಆದರೆ ಎದುರಿಗೆ ಫೈಲ್ ಇದ್ದರೆ ಕೈ ಸುಮ್ಮನಿರುತ್ತಾ? ತೆಗೆದು ನೋಡಿದೆ. ರಕ್ತ, ಮೂತ್ರ, ಇಸಿಜಿ, ಎಕೋ, ಎದೆಯ ಎಕ್ಸ್‌ರೇ, ಲಿವರ್, ಕಿಡ್ನಿ, ಎಲ್ಲಾ ಇದೆ. ಫಿಸಿಶಿಯನ್ ಕೊಟ್ಟ ಫಿಟ್‌ನೆಸ್ ಚೀಟಿಯ ಮೇಲೆ ಸೀಲ್ ಕೂಡ ನೆಟ್ಟಗೆ ಬಿದ್ದಿದೆ. ಅನಸ್ತೇಷಿಯಾ ಹಾಳೆಯಲ್ಲಿ ಏರ್‌ವೇ, ಅಂದರೆ ಉಸಿರಿನ ದಾರಿ, ಅನ್ನುವ ಸಾಲಿನ ಮುಂದೆ ಒಂದು ಟಿಕ್. ನಾರ್ಮಲ್ ಅಂತೆ.

"ಚಿಕ್ಕಪ್ಪ, ಬಾಯಿ ತೆಗೀರಿ" ಅಂದೆ. ತೆಗೆದರು. "ಇನ್ನೂ ಸ್ವಲ್ಪ." "ಇಷ್ಟೇ ಕಣೇ ಬರೋದು." ಅವರದೇ ಬೆರಳು ಇಡಿಸಿದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಮೂರು ಬೆರಳು ಒಂದರ ಮೇಲೊಂದು ಹಿಡಿಯಬೇಕು. ಎರಡನೆಯ ಬೆರಳೇ ಒಳಗೆ ಹೋಗಲಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ಕೆನ್ನೆಯ ಒಳಭಾಗ ಬೆಳ್ಳಗಾಗಿದೆ, ಮುಟ್ಟಿದರೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ನಾಲಿಗೆ ಚಾಚಿ ಅಂದರೆ ತುದಿ ಮಾತ್ರ ಹೊರಗೆ ಬಂತು.

"ಇಲ್ಲಿ ಯಾರಾದ್ರೂ ಬಾಯಿ ನೋಡಿದ್ರಾ?"

"ಬಿಪಿ ನೋಡಿದ್ರು, ಶುಗರ್ ನೋಡಿದ್ರು. ಬಾಯಿ ಯಾಕ್ ನೋಡ್ತಾರೆ? ಹೊಟ್ಟೆ ಆಪರೇಷನ್ ತಾನೆ?"

ಚಿಕ್ಕಪ್ಪನ ಪ್ರಶ್ನೆ ಸರಿಯಾಗೇ ಇದೆ. ಅವರಿಗೆ ಗೊತ್ತಿರಬೇಕಾಗಿಲ್ಲ. ಟಿಕ್ ಹಾಕಿದವರಿಗೆ ಗೊತ್ತಿರಬೇಕಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂರ್ತಿ ಅನಸ್ತೇಷಿಯಾ ಅಂದರೆ ಬರೀ ನಿದ್ದೆ ಅಲ್ಲ. ಸ್ನಾಯು ಸಡಿಲ ಮಾಡುವ ಔಷಧಿ ಕೊಟ್ಟ ಮೇಲೆ ನಿಮ್ಮ ಉಸಿರಾಟ ನಿಂತಿರುತ್ತದೆ. ಆ ಕ್ಷಣದಿಂದ ನಿಮ್ಮ ಉಸಿರು ನನ್ನ ಜವಾಬ್ದಾರಿ. ಮಾಸ್ಕ್ ಒತ್ತಿ ಹಿಡಿದು ಗಾಳಿ ಕೊಡಬೇಕು, ಆಮೇಲೆ ಬಾಯಿಯೊಳಗೆ ಗಂಟಲು ನೋಡುವ ಲ್ಯಾರಿಂಗೋಸ್ಕೋಪ್ ಹಾಕಿ, ಧ್ವನಿತಂತುಗಳ ನಡುವೆ ಟ್ಯೂಬ್ ಇಳಿಸಬೇಕು. ಮೊದಲೇ ಚೆನ್ನಾಗಿ ಆಕ್ಸಿಜನ್ ಎಳೆಸಿಟ್ಟಿದ್ದರೆ ಆರೋಗ್ಯವಂತರಿಗೆ ಏಳೆಂಟು ನಿಮಿಷದ ಅವಕಾಶ ಸಿಗಬಹುದು. ಎಳೆಸದಿದ್ದರೆ ಒಂದೆರಡು ನಿಮಿಷ, ಅಷ್ಟೇ. ತುಂಬಾ ದಪ್ಪ ಇರುವವರಿಗೆ, ತುಂಬು ಗರ್ಭಿಣಿಯರಿಗೆ ಎಷ್ಟೇ ಎಳೆಸಿದರೂ ಇನ್ನೂ ಕಡಿಮೆ. ಆ ಹೊತ್ತಿನಲ್ಲಿ "ಅಯ್ಯೋ, ಬಾಯೇ ತೆಗೆಯಲ್ವಲ್ಲ" ಅಂತ ಕಂಡುಹಿಡಿಯುವುದು ಯಾವ ಸೀಮೆ ತಪಾಸಣೆ ಸ್ವಾಮಿ? ಎಕೋ ರಿಪೋರ್ಟ್ ತೋರಿಸಿದರೆ ದವಡೆ ತೆರೆಯುತ್ತದೆಯೇ?

ಈ ಪರೀಕ್ಷೆಗೆ ಬೇಕಾಗಿರುವುದು ಒಂದು ಕುರ್ಚಿ, ಅರ್ಧ ನಿಮಿಷ. ಬಾಯಿ ಎಷ್ಟು ತೆರೆಯುತ್ತದೆ, ಗದ್ದ ಚಿಕ್ಕದೇ, ಕತ್ತು ಹಿಂದಕ್ಕೆ ಬಾಗುತ್ತದೆಯೇ, ಕೆಳಗಿನ ಹಲ್ಲಿನಿಂದ ಮೇಲಿನ ತುಟಿ ಕಚ್ಚಲು ಬರುತ್ತದೆಯೇ, ಅಲ್ಲಾಡುವ ಹಲ್ಲಿದೆಯೇ. ಬಿಲ್ ಮಾಡಲು ಬರುವುದಿಲ್ಲ. ಅದೇ ಇದರ ಕರ್ಮ. ಬಾಯಿ ತೆಗೆಸಿದ್ದಕ್ಕೆ ಎಂಟುನೂರು ರೂಪಾಯಿ ಅಂತ ಇದ್ದಿದ್ದರೆ ಗೇಟಿನ ಸೆಕ್ಯೂರಿಟಿಯವರೂ ತೆಗೆಸಿ ನೋಡುತ್ತಿದ್ದರು.

ನಾವು ಅನಸ್ತೇಷಿಯಾದವರು ಬಾಯಿ ನೋಡಿ ದಿನಾ ಹೇಳುವ 'ಎಂಪಿ ಗ್ರೇಡ್' ಇದೆಯಲ್ಲ, ಅದು ಪಕ್ಕದ ಆಂಧ್ರದಿಂದ ಅಮೆರಿಕಕ್ಕೆ ಹೋದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ ಅವರ ಹೆಸರು. ಬಾಸ್ಟನ್ನಿನಲ್ಲಿ 210 ರೋಗಿಗಳನ್ನು ನೋಡಿ 1985ರಲ್ಲಿ ಬರೆದರು. ನಾಲಿಗೆ ಹಿಂದಿನದನ್ನು ಎಷ್ಟು ಮುಚ್ಚುತ್ತದೆ ಅನ್ನುವುದೇ ಲೆಕ್ಕ. ಅವರು ಮಾಡಿದ್ದು ಮೂರು ದರ್ಜೆ, ನಾಲ್ಕನೆಯದು 1987ರಲ್ಲಿ ಬೇರೆಯವರು ಸೇರಿಸಿದ್ದು. ರೋಗಿ ನೆಟ್ಟಗೆ ಕೂತು, ಬಾಯಿ ಪೂರ್ತಿ ತೆಗೆದು, ನಾಲಿಗೆ ಹೊರಗೆ ಚಾಚಬೇಕು. 'ಆ...' ಅನ್ನಿಸಬಾರದು. 'ಆ' ಅಂದರೆ ಅಂಗುಳು ಮೇಲೆದ್ದು, ಕೆಟ್ಟ ದರ್ಜೆಯೂ ಒಳ್ಳೆಯದಾಗಿ ಕಾಣುತ್ತದೆ. ನಮ್ಮಲ್ಲಿ ಕೆಲವರು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಹೋಗುತ್ತಾ "ಆ ಅನ್ನಿ ಅಜ್ಜ" ಅನ್ನುತ್ತಾರೆ. ಅಷ್ಟಾದರೂ ಅನ್ನುತ್ತಾರಲ್ಲ ಅಂತ ಈಗ ಅನ್ನಿಸುತ್ತಿದೆ. ಚಿಕ್ಕಪ್ಪನಿಗೆ ಅದೂ ಸಿಗಲಿಲ್ಲ.

ನಮ್ಮ ಕಡೆ ಈ ಪರೀಕ್ಷೆ ಬಿಡುವುದಂತೂ ಮಹಾಪರಾಧ. ಚನ್ನಗಿರಿ, ಶಿವಮೊಗ್ಗ, ಸಾಗರ ಅಂದರೆ ಅಡಿಕೆ. ಗುಟ್ಕಾ 2013ರಲ್ಲಿ ರಾಜ್ಯದಲ್ಲಿ ಬ್ಯಾನ್ ಆಯಿತು. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು, ಬಾಯಲ್ಲಿ ಎರಡೂ ಒಂದೇ. ಅಡಿಕೆ ವರ್ಷಗಟ್ಟಲೆ ಕೆನ್ನೆಯಲ್ಲಿ ಕೂತರೆ ಒಳಚರ್ಮ ನಾರಾಗಿ ಬಿಗಿದುಕೊಳ್ಳುತ್ತದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ನಿಧಾನಕ್ಕೆ ಬಾಯಿ ಚಿಕ್ಕದಾಗುತ್ತಾ ಬರುತ್ತದೆ. ಎಷ್ಟು ನಿಧಾನ ಅಂದರೆ ಅವರಿಗೇ ಗೊತ್ತಾಗುವುದಿಲ್ಲ. ಪಾನಿಪೂರಿ ಇಡಿಯಾಗಿ ಹೋಗುತ್ತಾ ಅಂತ ಕೇಳುತ್ತೇನೆ ನಾನು. "ಒಡ್ಕೊಂಡು ತಿಂತೀನಿ ಮೇಡಂ" ಅಂದರೆ ಟಾರ್ಚ್ ತೆಗೆಯುತ್ತೇನೆ.

ಅಡಿಕೆ ಬಗ್ಗೆ ಬರೆದರೆ ಊರಿನವರು ಹೊಡೆಯಲು ಬರುತ್ತಾರೆ, ಗೊತ್ತು. ನಾನು ಎಂಬಿಬಿಎಸ್ ಓದಿದ್ದೇ ಅಡಿಕೆ ದುಡ್ಡಿನಲ್ಲಿ. ಹಾಸ್ಟೆಲ್ ಫೀಸ್, ಸ್ಟೆತೋಸ್ಕೋಪ್, ಎಲ್ಲಾ ಅದೇ ತೋಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು ಗೊತ್ತಿದ್ದೂ ಹಬ್ಬಕ್ಕೆ ಊರಿಗೆ ಹೋದಾಗ ಈ ಮಾತು ಎತ್ತುವುದಿಲ್ಲ. ಧೈರ್ಯ ಇಲ್ಲ. ಸಾಕಾ?

ಸ್ಟೇಟಸ್‌ನಲ್ಲಿ ಎರಡು ಸಾಲು ಹಾಕಿದ್ದಕ್ಕೇ ಒಬ್ಬ ಜೂನಿಯರ್ ಹುಡುಗ ಪಾಠ ಶುರು ಮಾಡಿದ. "ಮೇಡಂ, ಈ ಟೆಸ್ಟ್‌ಗಳು ವರ್ಕ್ ಆಗಲ್ಲ. ಡೆನ್ಮಾರ್ಕ್ ಸ್ಟಡಿ ನೋಡಿ." ನೋಡಿದ್ದೇನಪ್ಪಾ. 2015ರದ್ದು, ಒಂದು ಲಕ್ಷ ಎಂಬತ್ತೆಂಟು ಸಾವಿರ ರೋಗಿಗಳು. ಕಷ್ಟವಾದ ಇಂಟುಬೇಷನ್‌ಗಳಲ್ಲಿ (ಅದೇ, ಟ್ಯೂಬ್ ಇಳಿಸುವುದು) ಶೇ. 93 ಮೊದಲೇ ಊಹಿಸಿರದವು. ನಿಜ. ಮಲ್ಲಂಪಾಟಿ ಒಂದನ್ನೇ ನಂಬಿ ಕೂತರೆ ಕೆಡುತ್ತೇವೆ, ಅದೂ ನಿಜ. ಆದರೆ ನೋಡಲು ಎಲ್ಲಾ ಸರಿ ಇರುವವರಲ್ಲಿ ಕಷ್ಟ ಊಹಿಸುವುದು ಬೇರೆ, ಒಂದು ಬೆರಳು ಹಿಡಿಯುವ ಬಾಯಿಯನ್ನು ನೋಡದೇ ಇರುವುದು ಬೇರೆ. ಇದಕ್ಕೆ ಯಾವ ಸ್ಟಡಿ ಬೇಕು? ಬ್ರಿಟನ್ನಿನಲ್ಲಿ ಇಡೀ ದೇಶದ ಏರ್‌ವೇ ಅವಘಡಗಳನ್ನು ಒಂದು ವರ್ಷ ಕಲೆಹಾಕಿ 2011ರಲ್ಲಿ ವರದಿ ತಂದರಲ್ಲ, ಅದರಲ್ಲಿ ಮತ್ತೆ ಮತ್ತೆ ಬರುವ ಮಾತು ಇದೇ: ಪರೀಕ್ಷೆ ಮಾಡಿರಲಿಲ್ಲ, ಅಥವಾ ಮಾಡಿ ಕಷ್ಟ ಅಂತ ಗೊತ್ತಾದರೂ ಪ್ಲಾನ್ ಬದಲಿಸಿರಲಿಲ್ಲ.

"ಈಗ ವಿಡಿಯೋ ಲ್ಯಾರಿಂಗೋಸ್ಕೋಪ್ ಇದೆಯಲ್ಲ ಮೇಡಂ" ಅಂತ ಇನ್ನೊಂದು ಮೆಸೇಜ್. ಇದೆ. ಕ್ಯಾಮೆರಾ ಚೆನ್ನಾಗಿದೆ, ಸ್ಕ್ರೀನ್ ದೊಡ್ಡದಿದೆ. ಅದನ್ನು ಬಾಯಿಯೊಳಗೆ ಹಾಕಬೇಕಲ್ಲ ಪುಣ್ಯಾತ್ಮ!

ಸಣ್ಣ ಊರುಗಳಲ್ಲಿ ಒಬ್ಬರೇ ಅನಸ್ತೇಷಿಯಾ ಡಾಕ್ಟರ್ ನಾಲ್ಕು ನರ್ಸಿಂಗ್ ಹೋಮ್ ಓಡುತ್ತಾರೆ, ರೋಗಿಯನ್ನು ಮೊದಲ ಸಲ ನೋಡುವುದೇ ಟೇಬಲ್ ಮೇಲೆ, ಇದೂ ಗೊತ್ತು. ನಾನೂ ಹಾಗೆ ಓಡಿದವಳೇ. ಟೇಬಲ್ ಮೇಲೆ ಕೂರಿಸಿಯಾದರೂ ಬಾಯಿ ತೆಗೆಸಿದ್ದೇನೆ. ಸರ್ಜನ್ ಗಡಿಯಾರ ನೋಡಿದರೆ ನೋಡಲಿ.

ಚಿಕ್ಕಪ್ಪನ ಕೇಸ್ ಅವತ್ತು ನಿಂತಿತು. ಬ್ರಾಂಕೋಸ್ಕೋಪ್, ಅಂದರೆ ಬಾಗುವ ಸಣ್ಣ ಕ್ಯಾಮೆರಾ ಕೊಳವೆ, ಇರುವ ಕಡೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೂಗು, ಗಂಟಲು ಮರಗಟ್ಟಿಸಿ, ಎಚ್ಚರ ಇರುವಾಗಲೇ ಮೂಗಿನಿಂದ ಟ್ಯೂಬ್ ಇಳಿಸಿ, ಆಮೇಲೆ ನಿದ್ದೆ ಮಾಡಿಸಿದರು. ಕಣ್ಣಲ್ಲಿ ನೀರು ಬಂತಂತೆ. "ನಿನ್ನಿಂದ ಮೂಗು ಹೋಯ್ತು" ಅಂತ ಬೈದರು. ಬೈಯಲಿ.

ಆಪರೇಷನ್ ಇರುವವರು ಒಂದು ಕೆಲಸ ಮಾಡಿ. ಬಾಯಿಗೆ ನಿಮ್ಮದೇ ಮೂರು ಬೆರಳು ಇಟ್ಟು ನೋಡಿ. ಹಿಡಿಯದಿದ್ದರೆ ಡಾಕ್ಟರ್ ಕೇಳುವ ಮೊದಲೇ ಹೇಳಿ. ಹಿಂದಿನ ಆಪರೇಷನ್‌ನಲ್ಲಿ "ಟ್ಯೂಬ್ ಹಾಕಲು ಕಷ್ಟ ಆಯ್ತು" ಅಂದಿದ್ದರೆ ಅದನ್ನೂ ಹೇಳಿ. ಗೊರಕೆ, ಕಟ್ಟಿಸಿದ ಹಲ್ಲು, ಅಡಿಕೆ, ಗುಟ್ಕಾ ಮುಚ್ಚಿಡಬೇಡಿ. ನಾವು ನಿಮ್ಮ ಹೆಂಡತಿಗೆ ಹೇಳುವುದಿಲ್ಲ. ಗಡ್ಡ ಬಿಟ್ಟವರೇ, ಮಾಸ್ಕ್ ಸರಿಯಾಗಿ ಕೂರದಿರಲು ಅದೂ ಒಂದು ಕಾರಣ. ತೆಗೆಯಿರಿ ಅಂದರೆ ಮುಖ ಸಿಂಡರಿಸಬೇಡಿ, ತಿಂಗಳಲ್ಲಿ ಮತ್ತೆ ಬರುತ್ತದೆ. ಯಾರೂ ನೋಡದಿದ್ದರೆ "ಡಾಕ್ಟ್ರೇ, ನನ್ನ ಬಾಯಿ ನೋಡ್ಲಿಲ್ವಲ್ಲ" ಅಂತ ಕೇಳಿ. ಸಿಟ್ಟು ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಮತ್ತೆ, ದಯವಿಟ್ಟು ಇನ್‌ಬಾಕ್ಸಿಗೆ ಬಾಯಿಯ ಫೋಟೋ ಕಳಿಸಬೇಡಿ. ಹೋದ ಸಲ ಗೊರಕೆ ಬಗ್ಗೆ ಬರೆದಾಗ ಬಂದ ಆಡಿಯೋ ಕ್ಲಿಪ್‌ಗಳನ್ನೇ ಇನ್ನೂ ಕೇಳಿ ಮುಗಿದಿಲ್ಲ.