ಅಂಗೈ ಹುಣ್ಣಿಗೆ ಅರ್ಜಿ ನಮೂನೆ 149

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತ ನಮ್ಮ ಹಿರಿಯರು ಹೇಳಿದರು. ಪಾಪ, ಅವರು ಅಮೆರಿಕದ ಸೇನಾ ದಾಖಲೆ ಕಚೇರಿಗೆ ಅರ್ಜಿ ಹಾಕಿದವರಲ್ಲ. ಅಲ್ಲಿ ಕನ್ನಡಿಯೂ ಸಾಲದು. ಹುಣ್ಣಾದ ದಿನಾಂಕ, ಆಗ ನೀವಿದ್ದ ತುಕಡಿ, ಮುಲಾಮು ಹಚ್ಚಿದ ಡಾಕ್ಟರು, ಹಚ್ಚಿದೆ ಅಂತ ಆ ಡಾಕ್ಟರು ಬರೆದಿಟ್ಟ ಚೀಟಿ, ಇಷ್ಟೂ ಬೇಕು. ಅಂಗೈ ಮಾತ್ರ ಬೇಡ.

ಕೊರಿಯಾ ಯುದ್ಧಕ್ಕೆ ಹೋಗಿಬಂದ ಒಬ್ಬ ಅಜ್ಜನನ್ನು ಕಣ್ಣ ಮುಂದೆ ತಂದುಕೊಳ್ಳಿ. 1951ರ ಚಳಿಗಾಲದಲ್ಲಿ ಒಂದು ಶೆಲ್ ಸಿಡಿದು ಅದರ ಚೂರು ಎಡ ಮೊಣಕಾಲಿನೊಳಗೆ ಹೊಕ್ಕಿತು. ಅದು ಇನ್ನೂ ಅಲ್ಲೇ ಇದೆ. ಮಳೆ ಬರುವ ಮುಂಚೆ ಹವಾಮಾನ ಇಲಾಖೆಗಿಂತ ಮೊದಲು ಅದೇ ಹೇಳುತ್ತದೆ. ಟೆಂಟಿನ ಆಸ್ಪತ್ರೆಯಲ್ಲಿ ಯಾರೋ ಅಧಿಕಾರಿ ಬಂದರು, ದಿಂಬಿಗೆ ಪರ್ಪಲ್ ಹಾರ್ಟ್ ಪದಕ ಸಿಕ್ಕಿಸಿದರು, ಭುಜ ತಟ್ಟಿ ಪಕ್ಕದ ಮಂಚಕ್ಕೆ ಹೋದರು. ಗಾಯಗೊಂಡ ಸೈನಿಕನಿಗೆ ಕೊಡುವ ಪದಕ ಅದು. ಸೇವೆ ಮುಗಿದಾಗ ಕೈಗೆ ಒಂದು ಹಾಳೆ ಬಂತು. ಅದರ ಹೆಸರು ಡಿಡಿ-214. ಎಲ್ಲಿದ್ದ, ಎಷ್ಟು ದಿನ ಇದ್ದ, ಏನೇನು ಪದಕ ಗಳಿಸಿದ, ಎಲ್ಲ ಅದರಲ್ಲಿ ಇರಬೇಕು. ಪದಕದ ಜಾಗ ಖಾಲಿ ಇತ್ತು. ಮನೆಗೆ ಹೋಗುವ ಅವಸರದಲ್ಲಿ ಇಪ್ಪತ್ತೊಂದರ ಹುಡುಗ ಯಾವ ಕಾಗದ ಓದುತ್ತಾನೆ? ಸಹಿ ಹಾಕಿ ರೈಲು ಹತ್ತಿದ.

ಎಪ್ಪತ್ತು ವರ್ಷ ಆದಮೇಲೆ ಮೊಮ್ಮಗಳು ಓದಿದಳು.

"ಅಜ್ಜಾ, ಇದರಲ್ಲಿ ನಿನ್ನ ಪದಕಾನೇ ಇಲ್ವಲ್ಲ?"

"ಪದಕ ಬೀರುವಿನಲ್ಲಿದೆ."

"ಬೀರುವಿನಲ್ಲಿ ಇರೋದು ಲೆಕ್ಕಕ್ಕಿಲ್ಲ ಅಜ್ಜಾ. ಕಾಗದದಲ್ಲಿ ಇರಬೇಕು."

ಅಲ್ಲಿಂದ ಶುರು ಎರಡನೇ ಯುದ್ಧ. ಮೊದಲನೆಯದರಲ್ಲಿ ಶತ್ರು ಯಾವ ಕಡೆ ಇದ್ದಾನೆ ಅಂತಾದರೂ ಗೊತ್ತಿತ್ತು.

ಮೊದಲ ಕಾಗದ ಹೋಗುವುದು ಸೇಂಟ್ ಲೂಯಿಸ್‌ಗೆ. ಅಮೆರಿಕದ ಹಳೇ ಸೈನಿಕರ ಫೈಲುಗಳೆಲ್ಲ ಇರುವುದು ಅಲ್ಲಿನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ. ಇರುವುದು ಅಂದೆ, ಅಲ್ವಾ? ಇದ್ದವು ಅಂತ ಓದಿಕೊಳ್ಳಿ. 1973ರ ಜುಲೈ 12ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಆ ಕಟ್ಟಡದ ಆರನೇ ಮಹಡಿಗೆ ಬೆಂಕಿ ಬಿತ್ತು. ಆರಲು ನಾಲ್ಕು ದಿನದ ಮೇಲೆ ಹಿಡಿಯಿತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಫೈಲು ಹೋದವು. 1912ರಿಂದ 1960ರ ಶುರುವಿನ ತನಕ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ನೂರಕ್ಕೆ 80 ಭಾಗ ಬೂದಿ. ನಕಲು ಇರಲಿಲ್ಲ. ಮೈಕ್ರೋಫಿಲ್ಮ್ ಇರಲಿಲ್ಲ. ಒಳಗೆ ಏನಿತ್ತು ಅನ್ನುವ ಪಟ್ಟಿಯೂ ಇರಲಿಲ್ಲ. ಎರಡು ಮಹಾಯುದ್ಧ ಗೆದ್ದು, ಚಂದ್ರನ ಮೇಲೆ ಕಾಲಿಟ್ಟ ದೇಶ, ದಾಖಲೆ ಇಡುವ ಕೋಣೆಯ ಚಾವಣಿಗೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕುವುದನ್ನು ಮರೆತಿತ್ತು.

ವಾಯುಸೇನೆಯ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಬೆಂಕಿ ವರ್ಣಮಾಲೆ ನೋಡಿಕೊಂಡು ಸುಟ್ಟಿತು. 1947ರಿಂದ 1964ರ ಶುರುವಿನ ತನಕ ಬಿಡುಗಡೆಯಾದವರ ಪೈಕಿ 'ಹಬ್ಬರ್ಡ್, ಜೇಮ್ಸ್ ಇ.' ಅನ್ನುವ ಹೆಸರಿನ ಆಚೆ ಬರುವವರ ದಾಖಲೆಗಳಲ್ಲಿ ನೂರಕ್ಕೆ 75 ಭಾಗ ಹೋಯಿತು. ಆಡಮ್ಸ್ ಬಚಾವು, ವಿಲಿಯಮ್ಸ್ ಬೂದಿ. ಶೌರ್ಯಕ್ಕಿಂತ ಮನೆತನದ ಹೆಸರಿನ ಮೊದಲ ಅಕ್ಷರ ಮುಖ್ಯ ಅಂತ ಸೇನೆಗೆ ಸೇರುವಾಗ ಯಾರಾದರೂ ಹೇಳಬೇಕಿತ್ತು.

ಉಳಿದದ್ದು ನೀರಿನಲ್ಲಿ ನೆನೆದು ಬೂಸ್ಟು ಹಿಡಿಯತೊಡಗಿತು. ಅದನ್ನು ಹಾಲಿನ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ, ವಿಮಾನ ತಯಾರಿಸುವ ಒಂದು ಕಂಪನಿಯ ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಅದು ಮರ್ಕ್ಯುರಿ, ಜೆಮಿನಿ ಬಾಹ್ಯಾಕಾಶ ಯಾನಗಳ ಪರೀಕ್ಷೆಗೆ ಬಳಸಿದ ಕೋಣೆ. ಸೈನಿಕನಿಗೆ ಪದಕ ಸಿಗಲಿಲ್ಲ, ಅವನ ಫೈಲಿಗೆ ಮಾತ್ರ ಗಗನಯಾತ್ರಿಯ ತರಬೇತಿ ಸಿಕ್ಕಿತು. ಸುಟ್ಟ ಮಹಡಿಯನ್ನು ಆಮೇಲೆ ಕಟ್ಟಡದಿಂದಲೇ ತೆಗೆದುಹಾಕಿದರು. ಬೆಂಕಿ ಯಾಕೆ ಬಿತ್ತು ಅಂತ ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ದಾಖಲೆ ಸುಟ್ಟುಹೋಗಿರಬೇಕು.

ಇಷ್ಟು ಹೇಳಿದಮೇಲೆ ಒಂದು ಮಾತು. ಅಲ್ಲಿ ಕೆಲಸ ಮಾಡುವವರನ್ನು ಬೈಯಲು ನನಗೆ ಮನಸ್ಸಿಲ್ಲ. ಇವತ್ತಿಗೂ ಕೈಗವಸು ಹಾಕಿಕೊಂಡು, ಮುಟ್ಟಿದರೆ ಉದುರುವ ಕರಕಲು ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಓದುವ ಜನ ಅವರು. ನಾನು ನಗುತ್ತಿರುವುದು ಅವರ ತಲೆಯ ಮೇಲೆ ಕೂತಿರುವ ನಿಯಮಗಳನ್ನು ನೋಡಿ.

ಈಗ ಅಜ್ಜನಿಗೆ ಬಂದ ಉತ್ತರ ನೋಡೋಣ. ಬೆರಳಚ್ಚು ಬಹಳ ಅಚ್ಚುಕಟ್ಟು. ಸಾರಾಂಶ ಇಷ್ಟು: ನಿಮ್ಮ ಫೈಲು ನಮ್ಮ ಹತ್ತಿರ ಸುಟ್ಟುಹೋಗಿದೆ, ದಯವಿಟ್ಟು ಅದರಲ್ಲಿ ಏನಿತ್ತು ಅಂತ ತಿಳಿಸಿ. ಜೊತೆಗೆ ಇನ್ನೊಂದು ಫಾರಂ. ಯಾವ ಕಂಪನಿ, ಯಾವ ಬೆಟಾಲಿಯನ್, ಯಾವ ಆಸ್ಪತ್ರೆ, ಯಾವ ತಿಂಗಳು? ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುವುದು ಇದಕ್ಕೇ. ಇಟ್ಟುಕೊಳ್ಳಿ ಅಂತ ಕೊಟ್ಟವನೇ ಈಗ ಲೆಕ್ಕ ಒಪ್ಪಿಸಬೇಕು.

ಫೈಲು ಹೋದರೂ ಬೇರೆ ದಾರಿಗಳಿವೆ. ಸೇನೆಯಲ್ಲಿ ಕಂಪನಿ ಅನ್ನುವ ಪ್ರತಿ ತುಕಡಿಯ ಗುಮಾಸ್ತ ದಿನಾ ಬೆಳಿಗ್ಗೆ ಬರೆಯುತ್ತಿದ್ದ ಹಾಜರಿ ಪಟ್ಟಿ ಅಂಥದ್ದೊಂದು. ಯಾರು ಬಂದರು, ಯಾರು ಹೋದರು, ಯಾರಿಗೆ ಗಾಯವಾಯಿತು ಅಂತ ಅದರಲ್ಲಿ ಇರುತ್ತದೆ. ಆದರೆ ಹುಡುಕಬೇಕಾದರೆ ತಿಂಗಳು ಹೇಳಬೇಕು. ಅಜ್ಜನ ನೆನಪಿನಲ್ಲಿ ಇರುವುದು ಹಿಮ. ಮಂಡಿವರೆಗೆ ಹಿಮ ಇತ್ತು, ಅದರ ಮೇಲೆ ತನ್ನ ರಕ್ತ ಬಿದ್ದಾಗ ಆವಿ ಎದ್ದಿತು. ತಾರೀಖಿನ ಚೌಕದಲ್ಲಿ ಇದನ್ನು ಬರೆಯಲು ಜಾಗ ಇಲ್ಲ.

ಪರ್ಪಲ್ ಹಾರ್ಟಿನ ನಿಯಮವನ್ನು ಇನ್ನೊಮ್ಮೆ ಓದಿ. ಶತ್ರುವಿನಿಂದ ಗಾಯ ಆಗಿರಬೇಕು. ಅದಕ್ಕೆ ವೈದ್ಯರ ಚಿಕಿತ್ಸೆ ಬೇಕಾಗಿರಬೇಕು. ಆ ಚಿಕಿತ್ಸೆ ಸರ್ಕಾರಿ ದಾಖಲೆಯಲ್ಲಿ ಇರಬೇಕು. ಅಂದರೆ ಶೆಲ್ ಚೂರು ಮಾಂಸಕ್ಕೆ ಹೊಕ್ಕರೆ ಸಾಲದು, ಫೈಲಿಗೂ ಹೊಕ್ಕಿರಬೇಕು. ಕಂಡವರ ಹೇಳಿಕೆ ತಂದರೆ ಅದನ್ನೂ ನೋಡುತ್ತಾರೆ, ಇಲ್ಲ ಅನ್ನುವುದಿಲ್ಲ. ಕಂಡವರು ಬಿಳಿ ಕಲ್ಲುಗಳ ಕೆಳಗೆ ಸಾಲಾಗಿ ಮಲಗಿದ್ದಾರೆ. ಬದುಕಿದ್ದಾಗ ಇದ್ದದ್ದಕ್ಕಿಂತ ನೆಟ್ಟಗಿನ ಸಾಲು.

ಇಲ್ಲಿ ಕೆಲಸ ಆಗದಿದ್ದರೆ ದಾಖಲೆ ತಿದ್ದುವ ಮಂಡಳಿ ಇದೆ. ಅದರ ಅರ್ಜಿಯೇ ಡಿಡಿ-149. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ, ನ್ಯಾಯದ ದೃಷ್ಟಿಯಿಂದ ನಾವು ಇದನ್ನು ಯಾಕೆ ನೋಡಬೇಕು ಅಂತ ನೀವೇ ವಿವರಿಸಬೇಕು. ನ್ಯಾಯ ಯಾಕೆ ಬೇಕು ಅಂತ ಕೇಳಿದವನೇ ಹೇಳಬೇಕು, ಅದಕ್ಕೂ ಒಂದು ಚೌಕ ಇದೆ. ಇನ್ನು ಮಂಡಳಿ ಕೂರುವುದೇ ಒಂದು ನಂಬಿಕೆಯಿಂದ: ದಾಖಲೆ ಸರಿಯಾಗಿಯೇ ಇದೆ, ಕಚೇರಿ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ತಪ್ಪು ಅಂತ ತೋರಿಸುವ ಭಾರ ಅರ್ಜಿದಾರನದು. ಕೊಲೆ ಆರೋಪಿಯನ್ನು ಸಾಬೀತಾಗುವ ತನಕ ನಿರಪರಾಧಿ ಅನ್ನುತ್ತಾರಲ್ಲ, ಆ ಮರ್ಯಾದೆ ಇಲ್ಲಿ ಟೈಪಿಸ್ಟನಿಗೆ.

ತಮಾಷೆ ಅಂದರೆ, ಕಾಗದ ಇಲ್ಲದಿರುವುದೇ ಒಮ್ಮೊಮ್ಮೆ ಕೈಹಿಡಿಯುತ್ತದೆ. ಗುಡ್ ಕಾಂಡಕ್ಟ್ ಅಂತ ಒಂದು ಪದಕ ಇದೆ. ನೆಟ್ಟಗೆ ನಡೆದುಕೊಂಡ ಸಿಪಾಯಿಗೆ ಕೊಡುವುದು. ನೀನು ಕೆಟ್ಟವನು ಅಂತ ಮೇಲಧಿಕಾರಿ ಬರೆದ ಚೀಟಿ ಫೈಲಿನಲ್ಲಿ ಇಲ್ಲದಿದ್ದರೆ, ಎಷ್ಟೋ ವರ್ಷದ ಮೇಲೂ ಮಂಡಳಿ ಇದನ್ನು ಕೊಟ್ಟುಬಿಡುತ್ತದೆ. ಕಾಗದ ಇಲ್ಲ, ಆದ್ದರಿಂದ ನೀನು ಒಳ್ಳೆಯವನು. ಕಾಗದ ಇಲ್ಲ, ಆದ್ದರಿಂದ ನಿನಗೆ ಗಾಯವಾಗಿಲ್ಲ. ಎರಡೂ ಒಂದೇ ಲಕೋಟೆಯಲ್ಲಿ ಬರಬಹುದು.

ಮಾಮೂಲಿ ಸಿಪಾಯಿಗಳ ಪಾಡು ಇದು, ದೊಡ್ಡ ಶೂರರಿಗೆ ಹೀಗಾಗಲಿಕ್ಕಿಲ್ಲ ಅಂದುಕೊಂಡಿರಾ? ಗಾರ್ಲಿನ್ ಕಾನರ್ ಅಂತ ಕೆಂಟಕಿಯವರು. 1945ರ ಜನವರಿ 24ರಂದು ಫ್ರಾನ್ಸಿನ ಹೂಸೆನ್ ಹತ್ತಿರ, ಟೆಲಿಫೋನ್ ತಂತಿ ಎಳೆದುಕೊಂಡು ತಮ್ಮವರಿಗಿಂತ ಮುಂದಕ್ಕೆ ಓಡಿದರು. ಒಂದು ಚರಂಡಿಯಲ್ಲಿ ಮೂರು ಗಂಟೆ ಬಿದ್ದುಕೊಂಡು ಫಿರಂಗಿಗಳಿಗೆ ಗುರಿ ಹೇಳಿದರು. ಜರ್ಮನ್ನರು ಐದು ಗಜ ದೂರಕ್ಕೆ ಬಂದಾಗ, ನಾನಿರುವ ಜಾಗಕ್ಕೇ ಹಾಕಿ ಅಂದರು. ಹಾಕಿದರು. ಅವರು ಬದುಕಿ ಬಂದು ಹೊಲ ಉತ್ತರು, 1998ರಲ್ಲಿ ತೀರಿಕೊಂಡರು. ಆ ಕೆಲಸಕ್ಕೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬೇಕು ಅಂತ ಅವರ ಹೆಂಡತಿ ಪಾಲಿನ್ 22 ವರ್ಷ ಅಲೆದರು. ಮಂಡಳಿ ಒಪ್ಪಲಿಲ್ಲ. ಕೋರ್ಟಿಗೆ ಹೋದರು. 2014ರಲ್ಲಿ ಕೋರ್ಟು, ಶೌರ್ಯ ನಿಜ, ಅವಧಿ ಮೀರಿದೆ ಅನ್ನುವ ಧಾಟಿಯಲ್ಲಿ ಕೇಸು ಮುಗಿಸಿತು. ಗಂಡ ಜರ್ಮನ್ನರನ್ನು ತಡೆದದ್ದು ಮೂರು ಗಂಟೆ. ಅಂತೂ 2018ರ ಜೂನ್‌ನಲ್ಲಿ ಪದಕ ಬಂತು.

ಪ್ಯಾರಿಸ್ ಡೇವಿಸ್ ಅವರದು ಬೇರೆ ಥರ. 1965ರ ಜೂನ್‌ನಲ್ಲಿ ವಿಯೆಟ್ನಾಂನ ಬಾಂಗ್ ಸಾನ್ ಹತ್ತಿರ, ಮೈತುಂಬ ಗಾಯವಾಗಿದ್ದರೂ ತನ್ನ ಹುಡುಗರನ್ನು ಬಿಟ್ಟು ಬರಲ್ಲ ಅಂದ ಕ್ಯಾಪ್ಟನ್. ಮೆಡಲ್ ಆಫ್ ಆನರ್‌ಗೆ ಶಿಫಾರಸು ಹೋಯಿತು, ಕಳೆಯಿತು. ಮತ್ತೆ ಕಳಿಸಿದರು, ಮತ್ತೆ ಕಳೆಯಿತು. ಡೇವಿಸ್ ಕಪ್ಪು ಜನಾಂಗದವರು. ಫೈಲಿಗೆ ಕಣ್ಣಿಲ್ಲ, ಅದಕ್ಕೆ ಬಣ್ಣ ಕಾಣುವುದಿಲ್ಲ ಅನ್ನುತ್ತಾರೆ. ಇರಬಹುದು. 2023ರಲ್ಲಿ ಪದಕ ಕೊರಳಿಗೆ ಬಿದ್ದಾಗ ಅವರಿಗೆ 83.

ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನದಲ್ಲಿ ಸತ್ತ ಅಲೋನ್ಜೊ ಕುಶಿಂಗ್‌ಗೆ ಅದೇ ಪದಕ 2014ರಲ್ಲಿ ಸಿಕ್ಕಿತು. 151 ವರ್ಷ. ಆದ್ದರಿಂದ ಡೇವಿಸ್ ಅವರದು ತತ್ಕಾಲ್ ಸೇವೆ ಅಂತಲೇ ಲೆಕ್ಕ.

ಇದೆಲ್ಲದರಲ್ಲಿ ನನಗೆ ಇಷ್ಟವಾದವರು ಮೇರಿ ವಾಕರ್. ಅಂತರ್ಯುದ್ಧದ ಕಾಲದ ಡಾಕ್ಟರಮ್ಮ. 1865ರಲ್ಲಿ ಮೆಡಲ್ ಆಫ್ ಆನರ್ ಕೊಟ್ಟರು, 1917ರಲ್ಲಿ ಪಟ್ಟಿಯಿಂದ ಹೆಸರು ಹೊಡೆದರು. ಆಕೆ ಪದಕ ವಾಪಸ್ ಕೊಡಲಿಲ್ಲ. 1919ರಲ್ಲಿ ಸಾಯುವ ತನಕ ಕೋಟಿಗೆ ಚುಚ್ಚಿಕೊಂಡೇ ಓಡಾಡಿದರು. 1977ರಲ್ಲಿ ಕಾಗದ ಮನಸ್ಸು ಬದಲಿಸಿತು. ಕೋಟು ಮೊದಲಿಂದಲೂ ಸರಿಯಾಗಿಯೇ ಇತ್ತು.

ಇರಲಿ, ನಮ್ಮ ಅಜ್ಜ ಗೆದ್ದೇ ಬಿಟ್ಟ ಅಂದುಕೊಳ್ಳಿ. ಡಿಡಿ-214 ತಿದ್ದಿ ಕೊಡುತ್ತಾರಾ? ಸಾಮಾನ್ಯವಾಗಿ ಇಲ್ಲ. ಅದು ಹಾಗೇ ಇರುತ್ತದೆ. ಡಿಡಿ-215 ಅಂತ ಇನ್ನೊಂದು ಹಾಳೆ ಬರುತ್ತದೆ, ಆ ಹಾಳೆಯಲ್ಲಿ ತಪ್ಪಿದೆ ಅಂತ ಹೇಳಲು. ಎರಡನ್ನೂ ಜೋಪಾನವಾಗಿ ಒಟ್ಟಿಗೆ ಇಡಬೇಕು. ತಪ್ಪು ಒಂದು ಕಡೆ, ಒಪ್ಪು ಇನ್ನೊಂದು ಕಡೆ, ನಡುವೆ ಒಂದು ಪಿನ್ನು.

ಆದರೆ ಅವನಿನ್ನೂ ಗೆದ್ದಿಲ್ಲ. ಪತ್ರ ಬರೆದು ಬೇಸತ್ತು, ಮೊಮ್ಮಗಳ ಕೈ ಹಿಡಿದು ಕಚೇರಿಗೇ ಬಂದಿದ್ದಾನೆ. ಬಾಗಿಲಲ್ಲಿ ತಪಾಸಣೆ ಯಂತ್ರ. ಬೆಲ್ಟು, ಗಡಿಯಾರ, ಕೀಲಿಗೊಂಚಲು, ಎಲ್ಲ ತೆಗೆದು ತಟ್ಟೆಯಲ್ಲಿ ಇಟ್ಟ. ಕಮಾನಿನ ಕೆಳಗೆ ದಾಟಿದ. ಯಂತ್ರ ಕೂಗಿತು. ಹಿಂದೆ ಹೋಗಿ ಮತ್ತೆ ದಾಟಿದ. ಮತ್ತೆ ಕೂಗಿತು. ಕಾವಲುಗಾರ ಕೈಯಲ್ಲಿದ್ದ ಕೋಲನ್ನು ಮೈಮೇಲಿಂದ ಇಳಿಸುತ್ತಾ ಬಂದ. ಎಡ ಮೊಣಕಾಲಿನ ಹತ್ತಿರ ಅದು ಕಿರುಚಿಕೊಂಡಿತು.

"ನಿಮ್ಮ ಕಾಲಿನೊಳಗೆ ಲೋಹ ಇದೆ ಸಾರ್," ಅಂದ ಕಾವಲುಗಾರ.

ಅಜ್ಜನ ಮುಖ ಅರಳಿತು.

"ಅದನ್ನೇ ಒಂದು ಹಾಳೆ ಮೇಲೆ ಬರೆದು, ತಾರೀಖು ಹಾಕಿ ಕೊಡ್ತೀಯೇನಪ್ಪಾ?"